ಕಾಲು ಗ್ರಾಂ ಉಕ್ಕು ರಿಯಾಕ್ಟರಿನ ಆಯುಸ್ಸು ಹೇಳಬಲ್ಲದೇ?

2025ರ ಡಿಸೆಂಬರಿನಲ್ಲಿ ಸಂಸತ್ತು 'ಶಾಂತಿ' ಮಸೂದೆಗೆ ಒಪ್ಪಿಗೆ ಕೊಟ್ಟಿತು. 1962ರ ಅಣುಶಕ್ತಿ ಕಾಯಿದೆಯ ಜಾಗಕ್ಕೆ ಹೊಸದು ಬಂತು. ಅಣುವಿದ್ಯುತ್ ಸ್ಥಾವರ ಕಟ್ಟಿ ನಡೆಸಲು ಖಾಸಗಿ ಕಂಪನಿಗಳಿಗೂ ದಾರಿ ಸಿಕ್ಕಿತು. ಅದೇ ವರ್ಷದ ಫೆಬ್ರವರಿಯ ಬಜೆಟ್‌ನಲ್ಲಿ ಸಣ್ಣ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. 2033ರೊಳಗೆ ಕನಿಷ್ಠ 5 ದೇಶೀ ಸಣ್ಣ ರಿಯಾಕ್ಟರ್ ಓಡಬೇಕು, 2047ಕ್ಕೆ ಒಟ್ಟು 100 ಗಿಗಾವಾಟ್ ಮುಟ್ಟಬೇಕು ಅನ್ನುವುದು ಸರ್ಕಾರದ ಲೆಕ್ಕ.

ಈ ಚರ್ಚೆಯ ನಡುವೆ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. ರಿಯಾಕ್ಟರಿನೊಳಗೆ ವರ್ಷಗಟ್ಟಲೆ ವಿಕಿರಣ ತಿಂದ ಲೋಹ ಇನ್ನೂ ತಾಳುತ್ತದಾ ಎಂದು ತಿಳಿಯಲು ಕಾಲು ಗ್ರಾಂ ತೂಕದ ತುಂಡುಗಳನ್ನು ಎಳೆದು ಮುರಿಯುತ್ತಾರಂತೆ. ಓದಿದವರಿಗೆ ಗೊಂದಲವಾಗುವುದು ಸಹಜ. ರಿಯಾಕ್ಟರ್ ಸಣ್ಣದಾಯಿತು ಅಂತ ಪರೀಕ್ಷೆಯನ್ನೂ ಸಣ್ಣದು ಮಾಡಿಬಿಟ್ಟರಾ? ಕಂಪನಿಗಳ ಖರ್ಚು ಉಳಿಸುವ ಉಪಾಯವಾ ಇದು?

ಸಣ್ಣ ರಿಯಾಕ್ಟರಿಗೂ ಸಣ್ಣ ಸ್ಪೆಸಿಮೆನ್ನಿಗೂ, ಅಂದರೆ ಪರೀಕ್ಷೆಗೆ ತೆಗೆದ ತುಂಡಿಗೂ, ಸಂಬಂಧವಿಲ್ಲ. ಈ ಪದ್ಧತಿ ಹೊಸ ಕಾಯಿದೆಗಿಂತ ದಶಕಗಳಷ್ಟು ಹಳೆಯದು. 1000 ಮೆಗಾವಾಟ್ ರಿಯಾಕ್ಟರಿನ ಲೋಹಕ್ಕೂ ಇದನ್ನು ಬಳಸುತ್ತಾರೆ. ಹಾಗಂತ ಸುಮ್ನೆ ನಂಬಿಬಿಡುವ ವಿಷಯವೂ ಅಲ್ಲ. ತುಂಡು ಚಿಕ್ಕದಾದಾಗ ಕೆಲವು ಅಂಕಿಗಳು ಹಾಗೇ ಉಳಿಯುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ಯಾವ ಅಂಕಿಯನ್ನು ಯಾವ ತೀರ್ಮಾನಕ್ಕೆ ಬಳಸಿದರು ಎಂದು ಕೇಳಬೇಕು. ತುಂಡಿನ ಗಾತ್ರ ನೋಡಿ ಗಾಬರಿಯಾಗುವುದರಿಂದ ಏನೂ ತಿಳಿಯುವುದಿಲ್ಲ.

ಕೋಲಾರಕ್ಕೆ ಈ ಸುದ್ದಿ ಬೇರೆ ಥರ ಕೇಳಿಸುತ್ತದೆ

ವಿಕಿರಣ ತಗುಲಿದ ಲೋಹ ಅಂದ ಕೂಡಲೇ ಕೋಲಾರ ಕಡೆ ಏಳುವ ಮೊದಲ ಪ್ರಶ್ನೆ, ಅದನ್ನು ತಂದು ಎಲ್ಲಿ ಹಾಕ್ತಾರೆ ಅನ್ನುವುದು. ಈ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. ಕೂಡಂಕುಳಂ ಸ್ಥಾವರದ ತ್ಯಾಜ್ಯವನ್ನು ಕೆಜಿಎಫ್‌ನ ಮುಚ್ಚಿದ ಗಣಿಗಳಲ್ಲಿ ಇಡುತ್ತಾರೆ ಎಂಬ ಸುದ್ದಿ 2012ರ ನವೆಂಬರಿನಲ್ಲಿ ಹಬ್ಬಿತ್ತು. ಜನ ಬೀದಿಗಿಳಿದರು. ಅಂಥ ಉದ್ದೇಶ ಇಲ್ಲ ಎಂದು ಕೇಂದ್ರ ಆಮೇಲೆ ಸ್ಪಷ್ಟನೆ ಕೊಟ್ಟಿತು. ಅದಕ್ಕೂ ಹಿಂದೆ, 1980ರ ದಶಕದಲ್ಲಿ, ಗಣಿಯ ಕೆಲಸ ನಿಂತ ಭಾಗವೊಂದರಲ್ಲಿ ಸುಮಾರು 1000 ಮೀಟರ್ ಆಳದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಒಂದು ಪ್ರಯೋಗ ಮಾಡಿತ್ತು. ತ್ಯಾಜ್ಯದ ಬಿಸಿಗೆ ಬಂಡೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ವಿದ್ಯುತ್ ಹೀಟರುಗಳನ್ನು ಇಟ್ಟು ಅಳತೆ ತೆಗೆದಿದ್ದರು. ಪ್ರಯೋಗ, ಸುದ್ದಿ, ಸ್ಪಷ್ಟನೆ ಮೂರೂ ಜನರ ನೆನಪಿನಲ್ಲಿ ಕಲೆಸಿಹೋಗಿವೆ.

ಈಗ ಮಾತಾಡುತ್ತಿರುವ ಸ್ಪೆಸಿಮೆನ್‌ಗಳ ಕಥೆ ಬೇರೆ. ನಮ್ಮ ದೇಶದಲ್ಲಿ ಇವನ್ನು ಪರೀಕ್ಷಿಸುವುದು ಟ್ರಾಂಬೆಯ ಬಿಎಆರ್‌ಸಿ ಮತ್ತು ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಹಾಟ್ ಸೆಲ್‌ಗಳಲ್ಲಿ. ಹಾಟ್ ಸೆಲ್ ಅಂದರೆ ದಪ್ಪ ಕಾಂಕ್ರೀಟ್ ಗೋಡೆ, ಸೀಸ ಬೆರೆತ ಗಾಜಿನ ಕಿಟಕಿ ಇರುವ ಕೋಣೆ. ಹೊರಗೆ ನಿಂತವರು ಯಾಂತ್ರಿಕ ಕೈಗಳಿಂದ ಒಳಗಿನ ಕೆಲಸ ಮಾಡುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ 1960ರ ದಶಕದಿಂದ ಬಿಎಆರ್‌ಸಿಯ ಕೇಂದ್ರವೊಂದು ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದು ಭೂಕಂಪನದ ಅಲೆಗಳನ್ನು ಹಿಡಿಯುವ ಕೇಂದ್ರ. ಬೇರೆ ದೇಶಗಳು ನೆಲದಡಿ ಮಾಡುವ ಅಣು ಪರೀಕ್ಷೆಯನ್ನು ಪತ್ತೆ ಹಚ್ಚುವುದು ಅದರ ಕೆಲಸ. ಲೋಹದ ಪರೀಕ್ಷೆ ಅಲ್ಲಿ ನಡೆಯುವುದಿಲ್ಲ.

ಎಳೆದು ಮುರಿಯುವುದು ಯಾಕೆ

ಮನೆ ಕಟ್ಟಿಸಿದವರಿಗೆ ಟಿಎಂಟಿ ಕಂಬಿ ಗೊತ್ತಿರುತ್ತದೆ. ದೊಡ್ಡ ಕಾಮಗಾರಿಯಲ್ಲಿ ಕಂಬಿಯ ತುಂಡನ್ನು ಲ್ಯಾಬಿಗೆ ಕಳಿಸಿ ಯುಟಿಎಂ ಮೆಷಿನ್ನಿನಲ್ಲಿ ಎಳೆಸುತ್ತಾರೆ. ಎರಡೂ ತುದಿ ಹಿಡಿದು, ಮುರಿಯುವ ತನಕ ಎಳೆಯುವುದು. 'ಎಫ್‌ಇ 500 ಡಿ' ದರ್ಜೆಯ ಕಂಬಿಯಾದರೆ ಚದರ ಮಿ.ಮೀ.ಗೆ 500 ನ್ಯೂಟನ್ ಬಲದ ತನಕ ಅದು ಯೀಲ್ಡ್ ಆಗಬಾರದು. ಯೀಲ್ಡ್ ಅಂದರೆ, ಎಳೆಯುವುದನ್ನು ಬಿಟ್ಟರೂ ಲೋಹ ಹಳೆಯ ಉದ್ದಕ್ಕೆ ವಾಪಸ್ ಬಾರದ ಹಂತ. ಮುರಿಯುವ ಮೊದಲು ಕನಿಷ್ಠ ಶೇ 16ರಷ್ಟು ಉದ್ದವಾಗಬೇಕು. ಇದು ಎಲಾಂಗೇಶನ್.

ಈ ಎರಡನೇ ಅಂಕಿಯೇ ಜೀವ ಉಳಿಸುವುದು. ಹಿಗ್ಗುವ ಲೋಹ ಬಾಗುತ್ತದೆ, ಉಬ್ಬುತ್ತದೆ, ಸೋರುತ್ತದೆ. ಏನೋ ಕೆಟ್ಟಿದೆ ಎಂದು ತಿಳಿಯಲು ಸಮಯ ಸಿಗುತ್ತದೆ. ಹಿಗ್ಗದ ಲೋಹ ಏನೂ ಹೇಳದೆ ಒಡೆಯುತ್ತದೆ.

ರಿಯಾಕ್ಟರಿನ ಉಕ್ಕಿಗೂ ಇದೇ ಪರೀಕ್ಷೆ. ಮಾಮೂಲಿ ದುಂಡು ಸ್ಪೆಸಿಮೆನ್ನಿನ ನಡುಭಾಗ 12.5 ಮಿ.ಮೀ. ವ್ಯಾಸದ್ದು. 600 ಮೆಗಾಪಾಸ್ಕಲ್ (ಚದರ ಮಿ.ಮೀ.ಗೆ 600 ನ್ಯೂಟನ್) ತಾಳುವ ಉಕ್ಕಾದರೆ ಅದನ್ನು ಮುರಿಯಲು ಸುಮಾರು ಏಳೂವರೆ ಟನ್ ಬಲ ಬೇಕು. ಚಿಕ್ಕದರ ಲೆಕ್ಕ ನೋಡಿ. ಸಂಶೋಧಕರು ಜಾಸ್ತಿ ಬಳಸುವ 'ಎಸ್‌ಎಸ್-ಜೆ3' ಎಂಬ ಚಪ್ಪಟೆ ತುಂಡಿನ ಒಟ್ಟು ಉದ್ದ 16 ಮಿ.ಮೀ., ಅಗಲ 4 ಮಿ.ಮೀ., ದಪ್ಪ 0.75 ಮಿ.ಮೀ. ಎಳೆತ ತಿನ್ನುವ ನಡುಭಾಗ 5 ಮಿ.ಮೀ. ಉದ್ದ, 1.2 ಮಿ.ಮೀ. ಅಗಲ. ಅದೇ ಉಕ್ಕನ್ನು ಈ ಆಕಾರದಲ್ಲಿ ಮುರಿಯಲು 55 ಕಿಲೋ ಬಲ ಸಾಕು.

ಗಟ್ಟಿಯಾಗುವುದೇ ತೊಂದರೆ

ಅಣು ಒಡೆದಾಗ ಹೊರಬರುವ ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಉಕ್ಕಿನೊಳಗಿನ ಒಂದು ಕಬ್ಬಿಣದ ಪರಮಾಣುವನ್ನು ಅದರ ಜಾಗದಿಂದ ಎಬ್ಬಿಸಲು 40 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ಆಯಿತು. ಹಾಗಾಗಿ ಒಂದು ನ್ಯೂಟ್ರಾನ್ ಹೊಕ್ಕರೆ ಒಂದು ಪರಮಾಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಹೊಡೆದು ನೂರಾರು ಪರಮಾಣುಗಳು ಜಾಗ ಬಿಡುತ್ತವೆ. ಹೆಚ್ಚಿನವು ಕ್ಷಣಾರ್ಧದಲ್ಲಿ ವಾಪಸ್ ಸೇರುತ್ತವೆ. ಸೇರದೆ ಉಳಿದ ಖಾಲಿ ಜಾಗಗಳು, ನಡುವೆ ಸಿಕ್ಕಿಕೊಂಡ ಪರಮಾಣುಗಳು, ಅವುಗಳ ಸುತ್ತ ಗುಂಪುಗೂಡುವ ತಾಮ್ರ, ನಿಕಲ್ ಎಲ್ಲ ಸೇರಿ ಲೋಹದ ಪದರಗಳು ಜಾರದಂತೆ ತಡೆಯುತ್ತವೆ.

ಪದರ ಜಾರದಿದ್ದರೆ ಲೋಹ ಹಿಗ್ಗುವುದಿಲ್ಲ. ಯೀಲ್ಡ್ ಅಂಕಿ ಏರುತ್ತದೆ, ಎಲಾಂಗೇಶನ್ ಇಳಿಯುತ್ತದೆ. ಕಾಗದದ ಮೇಲೆ ನೋಡಿದರೆ ಉಕ್ಕು ಮೊದಲಿಗಿಂತ ಬಲವಾಗಿದೆ, ಅಲ್ವಾ? ಆದರೆ ಹೆದರಬೇಕಾದ್ದು ಇದಕ್ಕೇ.

ಇದರ ಜೊತೆ ಇನ್ನೊಂದು ಬದಲಾವಣೆ ಆಗುತ್ತದೆ. ಈ ಜಾತಿಯ ಉಕ್ಕು ತೀರಾ ತಣ್ಣಗಾದರೆ ಗಾಜಿನಂತೆ ಒಡೆಯುತ್ತದೆ, ಬೆಚ್ಚಗಿದ್ದರೆ ಹಿಗ್ಗುತ್ತದೆ. ಎರಡರ ನಡುವಿನ ಗಡಿ ತಾಪಮಾನ ಹೊಸ ಉಕ್ಕಿನಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೇ ಇರುವುದು ಸಾಮಾನ್ಯ. ವಿಕಿರಣ ತಿಂದಷ್ಟೂ ಅದು ಮೇಲೇರುತ್ತದೆ. ಜಪಾನಿನ ಗೆಂಕೈ 1ನೇ ರಿಯಾಕ್ಟರಿನಿಂದ 2009ರಲ್ಲಿ ತೆಗೆದ ಸ್ಪೆಸಿಮೆನ್‌ಗಳಲ್ಲಿ ಇದು 98 ಡಿಗ್ರಿ ಸೆಲ್ಸಿಯಸ್ ಎಂದು ಬಂದಾಗ ಅಲ್ಲಿ ದೊಡ್ಡ ಚರ್ಚೆಯಾಯಿತು. ಅಪಘಾತದ ಹೊತ್ತಿನಲ್ಲಿ, ಇಂಧನ ಇರುವ ದೊಡ್ಡ ಉಕ್ಕಿನ ಪಾತ್ರೆ (ಪ್ರೆಶರ್ ವೆಸೆಲ್) ಬಿಸಿಯಿರುವಾಗಲೇ ಅದರೊಳಗೆ ತಣ್ಣೀರು ನುಗ್ಗಿಸಬೇಕಾಗುತ್ತದೆ. ಆಗ ಗೋಡೆಯ ತಾಪಮಾನ ಈ ಗಡಿಗಿಂತ ಕೆಳಗಿಳಿದರೆ, ಅಲ್ಲೊಂದು ಬಿರುಕೂ ಇದ್ದರೆ, ಪಾತ್ರೆಯೇ ಸೀಳುವ ಅಪಾಯ. ಆ ರಿಯಾಕ್ಟರನ್ನು 2015ರಲ್ಲಿ ಶಾಶ್ವತವಾಗಿ ನಿಲ್ಲಿಸಿದರು.

ದೊಡ್ಡ ತುಂಡು ಯಾಕೆ ಆಗುವುದಿಲ್ಲ

ಮೊದಲ ಕಾರಣ ಜಾಗ. ಉಕ್ಕಿಗೆ ವಿಕಿರಣ ಉಣಿಸಬೇಕೆಂದರೆ ಅದನ್ನು ರಿಯಾಕ್ಟರಿನೊಳಗೇ ಇಡಬೇಕು. ಅಲ್ಲಿ ಇಂಧನಕ್ಕೇ ಜಾಗ ಸಾಲದು. ಸಮ್ಮಿಳನ ರಿಯಾಕ್ಟರುಗಳ ಲೋಹ ಪರೀಕ್ಷೆಗೆಂದು ಯೋಜಿಸಿದ 'ಇಫ್ಮಿಫ್' ಯಂತ್ರದಲ್ಲಿ ಅತಿ ತೀವ್ರ ವಿಕಿರಣ ಸಿಗುವ ಜಾಗವೇ ಅರ್ಧ ಲೀಟರ್. ಅದರೊಳಗೆ ನೂರಾರು ತುಂಡು ಹಿಡಿಸಬೇಕು. ದಪ್ಪ ತುಂಡಿಗೆ ಇನ್ನೊಂದು ಕಷ್ಟವೂ ಉಂಟು. ಗಾಮಾ ಕಿರಣ ಲೋಹವನ್ನು ಒಳಗಿನಿಂದಲೇ ಕಾಯಿಸುತ್ತದೆ. ತುಂಡು ದಪ್ಪವಿದ್ದರೆ ಒಳಗೊಂದು ತಾಪಮಾನ, ಹೊರಗೊಂದು. ಫಲಿತಾಂಶ ಯಾವ ತಾಪಮಾನದ್ದು ಎಂದು ಹೇಳುವುದೇ ಕಷ್ಟವಾಗುತ್ತದೆ.

ಎರಡನೆಯದು ಕೆಲಸಗಾರರ ಸುರಕ್ಷತೆ. ನ್ಯೂಟ್ರಾನ್ ಹೊಡೆತ ತಿಂದ ಉಕ್ಕು ತಾನೇ ವಿಕಿರಣ ಸೂಸುತ್ತದೆ. ಅದರಲ್ಲಿ ಸ್ವಲ್ಪವೇ ಇರುವ ಕೋಬಾಲ್ಟ್, ಕೋಬಾಲ್ಟ್-60 ಆಗುತ್ತದೆ. ಇದರ ಅರ್ಧಾಯುಷ್ಯ 5.27 ವರ್ಷ. ಅಂದರೆ ಹತ್ತು ವರ್ಷ ಮುಟ್ಟದೆ ಇಟ್ಟರೂ ಕಾಲು ಭಾಗಕ್ಕಿಂತ ಜಾಸ್ತಿ ಉಳಿದಿರುತ್ತದೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿಯಂತೆ ವಿಕಿರಣ ಕ್ಷೇತ್ರದ ಕೆಲಸಗಾರರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ದಾಟುವಂತಿಲ್ಲ. ತುಂಡಿನ ತೂಕ ನೂರಾರು ಪಟ್ಟು ಇಳಿದರೆ ಅದು ಸೂಸುವ ವಿಕಿರಣವೂ ಸುಮಾರು ಅಷ್ಟೇ ಇಳಿಯುತ್ತದೆ. ಸಾಗಿಸುವುದು, ಕತ್ತರಿಸುವುದು, ಕೊನೆಗೆ ತ್ಯಾಜ್ಯ ಅಂತ ಇಡುವುದು ಎಲ್ಲ ಹಗುರ.

ಮೂರನೆಯದು ನಮ್ಮ ರಾಜ್ಯಕ್ಕೆ ನೇರ ತಗುಲುವ ಕಾರಣ. ಕೈಗಾದಲ್ಲಿರುವ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರುಗಳು ಭಾರಜಲ ಮಾದರಿಯವು. ಅವಕ್ಕೆ ಒಂದೇ ದೊಡ್ಡ ಒತ್ತಡದ ಪಾತ್ರೆ ಇಲ್ಲ. ಬದಲಿಗೆ ಪ್ರತಿಯೊಂದರಲ್ಲೂ 306 ಪ್ರೆಶರ್ ಟ್ಯೂಬ್‌ಗಳು. ಜಿರ್ಕೋನಿಯಂಗೆ ನಿಯೋಬಿಯಂ ಬೆರೆಸಿ ಮಾಡಿದ ಈ ಕೊಳವೆಗಳ ಒಳ ವ್ಯಾಸ 8 ಸೆಂ.ಮೀ. ದಾಟುತ್ತದೆ, ಗೋಡೆ ಮಾತ್ರ ಸುಮಾರು 3.5 ಮಿ.ಮೀ. ಇದರಿಂದ 12.5 ಮಿ.ಮೀ. ದುಂಡು ತುಂಡು ಕಡೆಯುವುದು ಹೇಗೆ? ಅದೂ ಅಲ್ಲದೆ ಒಳಗಿನ ಒತ್ತಡ ಕೊಳವೆಯನ್ನು ಜಾಸ್ತಿ ಎಳೆಯುವುದು ಸುತ್ತಳತೆಯ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ಉದ್ದನೆಯ ಪಟ್ಟಿ ತೆಗೆದರೆ ಅದು ಬಾಗಿರುತ್ತದೆ. ಬಡಿದು ನೇರ ಮಾಡಿದರೆ ಲೋಹದ ಗುಣವೇ ಬದಲಾಗುತ್ತದೆ. ಕೆಲವೇ ಮಿ.ಮೀ. ಉದ್ದದ ತುಂಡಿನಲ್ಲಿ ಬಾಗು ಗಣನೆಗೆ ಬಾರದಷ್ಟು ಕಡಿಮೆ. ಹಾಗಾಗಿ ಇಲ್ಲಿ ಚಿಕ್ಕ ಸ್ಪೆಸಿಮೆನ್ ಬಿಟ್ಟರೆ ಹೆಚ್ಚು ದಾರಿಗಳಿಲ್ಲ.

ಯಾವ ಅಂಕಿಯನ್ನು ಎಷ್ಟು ನಂಬಬೇಕು

ಯೀಲ್ಡ್ ಅಂಕಿಯನ್ನು ಧಾರಾಳವಾಗಿ ನಂಬಬಹುದು. ಲೋಹ ಅನ್ನುವುದು ಸಣ್ಣ ಸಣ್ಣ ಹರಳುಗಳ ಕಟ್ಟು. ತುಂಡಿನ ದಪ್ಪದೊಳಗೆ ಸಾಕಷ್ಟು ಹರಳುಗಳಿದ್ದರೆ ಅದು ದೊಡ್ಡ ಗಟ್ಟಿಯಂತೆಯೇ ನಡೆದುಕೊಳ್ಳುತ್ತದೆ. ಪ್ರೆಶರ್ ವೆಸೆಲ್ ಉಕ್ಕಿನ ಹರಳು ಮೈಕ್ರಾನುಗಳ ಲೆಕ್ಕದಲ್ಲಿ ಇರುವುದರಿಂದ 0.75 ಮಿ.ಮೀ. ದಪ್ಪದಲ್ಲಿ ಹತ್ತಾರು ಹರಳು ಸಿಗುತ್ತವೆ. ಎರಕದ ಲೋಹ, ಕೆಲವು ವೆಲ್ಡ್‌ಗಳು ಹಾಗಲ್ಲ. ಅಲ್ಲಿ ಒಂದೊಂದು ಹರಳೇ ಅರ್ಧ ಮಿ.ಮೀ. ಇರಬಹುದು. ಅಂಥ ಕಡೆ ಒಂದೊಂದು ತುಂಡಿಗೆ ಒಂದೊಂದು ಅಂಕಿ ಬಂದರೆ ಆಶ್ಚರ್ಯವಿಲ್ಲ.

ಅಳತೆಯ ತಪ್ಪು ಬೇರೆ ವಿಷಯ. 12.5 ಮಿ.ಮೀ. ವ್ಯಾಸವನ್ನು ಅಳೆಯುವಾಗ 10 ಮೈಕ್ರಾನ್ ತಪ್ಪಿದರೆ ಬಲದ ಅಂಕಿ ಶೇ 0.16ರಷ್ಟು ಕೆಡುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧ ಮಿ.ಮೀ. ದಪ್ಪದ ತುಂಡಿನಲ್ಲಿ ಅದೇ 10 ಮೈಕ್ರಾನ್ ತಪ್ಪಿದರೆ ಶೇ 2 ಹೋಯಿತು. ತುಂಡನ್ನು ವೈರ್‌ಕಟ್‌ನಲ್ಲಿ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವ ವಿಧಾನ) ತೆಗೆದಿದ್ದರೆ ಮೇಲ್ಮೈಯಲ್ಲಿ ಕರಗಿ ಮತ್ತೆ ಗಟ್ಟಿಯಾದ ತೆಳು ಪದರ ಉಳಿಯುತ್ತದೆ. ಎರಡೂ ಬದಿ 10 ಮೈಕ್ರಾನ್ ಎಂದುಕೊಂಡರೂ ಅರ್ಧ ಮಿ.ಮೀ. ದಪ್ಪದಲ್ಲಿ ಶೇ 4 ಭಾಗ ಅಸಲಿ ಲೋಹವೇ ಅಲ್ಲ. ಹಾಗಾಗಿ ಕತ್ತರಿಸಿದ ಮೇಲೆ ಉಜ್ಜಿ ಆ ಪದರ ತೆಗೆಯಲೇಬೇಕು.

ಎಲಾಂಗೇಶನ್ನಿಗೆ ಬಂದರೆ ನಿಜವಾದ ತಕರಾರು ಶುರು. ಲೋಹವನ್ನು ಎಳೆದಾಗ ಮೊದಲು ಇಡೀ ನಡುಭಾಗ ಸಮವಾಗಿ ಉದ್ದವಾಗುತ್ತದೆ. ಆಮೇಲೆ ಒಂದು ಕಡೆ ಮಾತ್ರ ಸೊಂಟ ಸಣ್ಣಗಾಗುತ್ತದೆ. ಇದನ್ನು ನೆಕ್ಕಿಂಗ್ ಅನ್ನುತ್ತಾರೆ. ಅಲ್ಲಿಂದ ಮುಂದೆ ಹಿಗ್ಗುವುದೆಲ್ಲ ಆ ಸೊಂಟದಲ್ಲೇ. ಆ ಭಾಗ ಎಷ್ಟು ಹಿಗ್ಗುತ್ತದೆ ಅನ್ನುವುದು ತುಂಡಿನ ಅಡ್ಡಗಲಕ್ಕೆ ತಕ್ಕಂತೆ ಇರುತ್ತದೆ, ಉದ್ದಕ್ಕೆ ಅಲ್ಲ. ಒಂದು ಲೆಕ್ಕ ಹಾಕೋಣ. ಒಂದು ಉಕ್ಕು ಸಮವಾಗಿ ಶೇ 12 ಹಿಗ್ಗಿ, ಆಮೇಲೆ ಸೊಂಟದಲ್ಲಿ ಇನ್ನೊಂದು ಮಿ.ಮೀ. ಎಳೆದುಕೊಂಡು ಮುರಿಯುತ್ತದೆ ಎಂದಿಟ್ಟುಕೊಳ್ಳಿ. ನಡುಭಾಗ 5 ಮಿ.ಮೀ. ಇದ್ದರೆ ಆ ಒಂದು ಮಿ.ಮೀ. ಶೇ 20 ಆಗುತ್ತದೆ, ಒಟ್ಟು ಶೇ 32. ನಡುಭಾಗ 10 ಮಿ.ಮೀ. ಇದ್ದರೆ ಶೇ 10 ಮಾತ್ರ, ಒಟ್ಟು ಶೇ 22. ಒಂದೇ ಉಕ್ಕು, ಒಂದೇ ಮೆಷಿನ್ನು, ಎರಡು ಅಂಕಿ.

ಇದು ಗೊತ್ತಿದ್ದೇ ಸ್ಟ್ಯಾಂಡರ್ಡ್‌ಗಳು ಉದ್ದಕ್ಕೂ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಒಂದು ಪ್ರಮಾಣ ಕಟ್ಟಿವೆ. ನಮ್ಮ ಐಎಸ್ 1608ರ ಪ್ರಕಾರ ಅಳೆಯುವ ಉದ್ದ, ವಿಸ್ತೀರ್ಣದ ವರ್ಗಮೂಲದ 5.65 ಪಟ್ಟು ಇರಬೇಕು. ಮೇಲೆ ಹೇಳಿದ ಎಸ್‌ಎಸ್-ಜೆ3 ತುಂಡಿನಲ್ಲಿ ಈ ಪ್ರಮಾಣ ಲೆಕ್ಕ ಹಾಕಿದರೆ ಸುಮಾರು 5.3 ಬರುತ್ತದೆ. ಅಂದರೆ ಗಾತ್ರ ಪುಟ್ಟದಾದರೂ ಆಕಾರದ ಪ್ರಮಾಣ ಮಾಮೂಲಿಗೆ ಹತ್ತಿರ ಇದೆ. ಎಲ್ಲ ಚಿಕ್ಕ ಸ್ಪೆಸಿಮೆನ್‌ಗಳೂ ಹೀಗಿಲ್ಲ. 'ಎಸ್‌ಎಸ್-3' ಎಂಬ ಇನ್ನೊಂದು ಆಕಾರದಲ್ಲಿ ಅದು 7ರ ಮೇಲೆ ಹೋಗುತ್ತದೆ. ಈ ಎರಡರಿಂದ ಬಂದ ಎಲಾಂಗೇಶನ್ನುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ತಪ್ಪು.

ವಿಕಿರಣ ಇದನ್ನು ಇನ್ನೂ ಬಿಗಡಾಯಿಸುತ್ತದೆ. ಜಾಸ್ತಿ ವಿಕಿರಣ ತಿಂದ ಉಕ್ಕು ಸಮವಾಗಿ ಹಿಗ್ಗುವುದನ್ನೇ ಬಹುತೇಕ ಬಿಟ್ಟುಬಿಡುತ್ತದೆ. ಯೀಲ್ಡ್ ಆದ ಕೂಡಲೇ ಸೊಂಟ ಕಟ್ಟುತ್ತದೆ. ಆಗ ಒಟ್ಟು ಎಲಾಂಗೇಶನ್ ಎಂದು ವರದಿಯಲ್ಲಿ ಬರೆದಿರುವುದರಲ್ಲಿ ಹೆಚ್ಚಿನ ಪಾಲು ತುಂಡಿನ ಆಕಾರದಿಂದ ಬಂದದ್ದು. ನಮಗೆ ಅತಿ ಬೇಕಾದ ಹೊತ್ತಿನಲ್ಲೇ ಈ ಅಂಕಿ ಅತಿ ಕಡಿಮೆ ನಂಬಿಕೆಗೆ ಅರ್ಹ. ಬಲ್ಲವರು ಹಾಗಾಗಿ ಸಮ ಹಿಗ್ಗುವಿಕೆಯನ್ನು ಬೇರೆಯಾಗಿ ಬರೆಯುತ್ತಾರೆ, ಮುರಿದ ಜಾಗದ ವಿಸ್ತೀರ್ಣ ಎಷ್ಟು ಕುಗ್ಗಿತು ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಅಳೆಯುವುದಾದರೂ ಸುಲಭವೇ? 5 ಮಿ.ಮೀ.ನ ಶೇ 1 ಅಂದರೆ 50 ಮೈಕ್ರಾನ್. ಹಿಡಿಕೆ ಸ್ವಲ್ಪ ಜಾರಿದರೂ ಅಷ್ಟು ಹೋಗುತ್ತದೆ. ಹಾಟ್ ಸೆಲ್‌ನೊಳಗೆ ಯಾಂತ್ರಿಕ ಕೈಯಿಂದ ಅಷ್ಟು ಪುಟ್ಟ ತುಂಡಿಗೆ ಹಿಗ್ಗುವಿಕೆ ಅಳೆಯುವ ಎಕ್ಸ್‌ಟೆನ್ಸೋಮೀಟರ್ ಸಿಕ್ಕಿಸುವುದು ಹರಸಾಹಸ. ಈಚೆಗೆ ಕ್ಯಾಮೆರಾ ಇಟ್ಟು ತುಂಡಿನ ಮೇಲ್ಮೈಯ ಚಿತ್ರಗಳಿಂದಲೇ ಹಿಗ್ಗುವಿಕೆ ಲೆಕ್ಕ ಹಾಕುವುದು ರೂಢಿಗೆ ಬರುತ್ತಿದೆ.

ಬಿರುಕು ತಡೆಯುವ ಶಕ್ತಿಯನ್ನು ಎಳೆತದ ಪರೀಕ್ಷೆ ನೇರವಾಗಿ ಹೇಳುವುದಿಲ್ಲ. ಅದಕ್ಕೆ ಬಿರುಕು ಮಾಡಿಟ್ಟ ಬೇರೆ ಸ್ಪೆಸಿಮೆನ್ ಬೇಕು. ಅಲ್ಲೂ 4 ಮಿ.ಮೀ. ದಪ್ಪದ ಪುಟ್ಟ ರೂಪ ಬಳಕೆಯಲ್ಲಿದೆ. ಹಿಂದೆಂದೋ ಪರೀಕ್ಷೆಯಲ್ಲಿ ಮುರಿದ 10 ಮಿ.ಮೀ. ಚೌಕದ ಚಾರ್ಪಿ ತುಂಡುಗಳ (ಸುತ್ತಿಗೆಯ ಹೊಡೆತಕ್ಕೆ ಮುರಿದು ನೋಡುವಂಥವು) ಅರ್ಧಗಳಿಂದಲೇ ಅದನ್ನು ಕತ್ತರಿಸಿ ತೆಗೆಯಬಹುದು. ಆದರೆ ತೆಳು ತುಂಡಿನಲ್ಲಿ ಬಿರುಕಿನ ತುದಿಗೆ ಸುತ್ತಲಿನ ಲೋಹದ ಬಿಗಿ ಸಿಗದೆ, ಉಕ್ಕು ಇರುವುದಕ್ಕಿಂತ ಗಟ್ಟಿಗ ಎಂದು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಗಣಿತದ ತಿದ್ದುಪಡಿ ಇದೆ, ಜಾಸ್ತಿ ತುಂಡುಗಳೂ ಬೇಕು.

ಯಾರು ಏನನ್ನುತ್ತಾರೆ

ಸ್ಥಾವರ ನಡೆಸುವವರಿಗೆ ಚಿಕ್ಕ ಸ್ಪೆಸಿಮೆನ್ ವರದಾನ. 40 ವರ್ಷಕ್ಕೆಂದು ಒಳಗಿಟ್ಟ ಮಾದರಿಗಳು ಮುಗಿಯುತ್ತ ಬಂದಿವೆ, ರಿಯಾಕ್ಟರನ್ನು 60 ಅಥವಾ 80 ವರ್ಷ ಓಡಿಸುವ ಆಸೆ ಇದೆ. ಮುರಿದ ಹಳೆ ತುಂಡುಗಳಿಂದ ಹೊಸ ಮಾಹಿತಿ ಸಿಗುವುದಾದರೆ ಯಾರು ಬೇಡ ಅನ್ನುತ್ತಾರೆ?

ಲೋಹಶಾಸ್ತ್ರಜ್ಞರು ಒಪ್ಪುತ್ತಾರೆ, ಷರತ್ತಿನ ಮೇಲೆ. ವಿಕಿರಣ ತಗುಲದ ಅದೇ ಉಕ್ಕಿನಲ್ಲಿ ಮೊದಲು ದೊಡ್ಡ ತುಂಡು, ಚಿಕ್ಕ ತುಂಡು ಎರಡನ್ನೂ ಎಳೆದು ವ್ಯತ್ಯಾಸ ತೋರಿಸಿ ಅನ್ನುತ್ತಾರೆ. ನಿಯಂತ್ರಕರು ಕೇಳುವುದು ಸ್ಟ್ಯಾಂಡರ್ಡ್ ಎಲ್ಲಿ ಎಂದು. ತೆಳು ಬಿಲ್ಲೆಯನ್ನು ಗುಂಡಿನಿಂದ ಚುಚ್ಚುವ 'ಸ್ಮಾಲ್ ಪಂಚ್' ಪರೀಕ್ಷೆಗೆ 2020ರಲ್ಲಿ ಅಮೆರಿಕದ, 2021ರಲ್ಲಿ ಯುರೋಪಿನ ಸ್ಟ್ಯಾಂಡರ್ಡ್ ಬಂದಿವೆ. ಪುಟ್ಟ ಎಳೆತದ ತುಂಡುಗಳಿಗೆ ಹತ್ತಾರು ಆಕಾರಗಳು ಚಾಲ್ತಿಯಲ್ಲಿವೆ, ಒಂದೊಂದು ಲ್ಯಾಬಿನದು ಒಂದೊಂದು.

ಟೀಕಾಕಾರರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತುಮಕೂರು ಕಡೆಯ ರಾಗಿ ಖರೀದಿ ಕೇಂದ್ರದಲ್ಲಿ ಮೂಟೆಗೆ ಒಂದೇ ಕಡೆ ಚುಚ್ಚಿ ನೋಡಿ ಗುಣಮಟ್ಟ ಬರೆದುಕೊಂಡರೆ ತಳದಲ್ಲಿರುವ ಕಲ್ಲು ಮಣ್ಣು ತಪ್ಪಿಹೋಗುತ್ತದೆ. ಚಿಕ್ಕ ಸ್ಪೆಸಿಮೆನ್ನಿನ ಕಷ್ಟವೂ ಅದೇ. ದೊಡ್ಡ ಉಕ್ಕಿನ ಗೋಡೆಯಲ್ಲಿ ಕೆಟ್ಟ ಜಾಗ ಅಲ್ಲೊಂದು ಇಲ್ಲೊಂದು ಇರುತ್ತದೆ. ಕಾಲು ಗ್ರಾಂ ತುಂಡಿಗೆ ಅದು ಸಿಗುವ ಸಂಭವ ಬಹಳ ಕಡಿಮೆ. ಬೆಲ್ಜಿಯಂನ ಡೋಲ್ 3, ಟಿಹಾಂಜ್ 2 ರಿಯಾಕ್ಟರುಗಳ ಪಾತ್ರೆಯ ಗೋಡೆಯೊಳಗೆ 2012ರಲ್ಲಿ ಸಾವಿರಾರು ಪದರ ಬಿರುಕುಗಳು ಸಿಕ್ಕವು. ಎರಕದ ಕಾಲದಲ್ಲೇ ಜಲಜನಕ ಸೇರಿ ಆದವು. ಒಂದೊಂದೂ ಸೆಂಟಿಮೀಟರಿನ ಆಸುಪಾಸು. ಅವನ್ನು ಹಿಡಿದದ್ದು ಅಲ್ಟ್ರಾಸೌಂಡ್ ತಪಾಸಣೆ, ಯಾವ ಸ್ಪೆಸಿಮೆನ್ನೂ ಅಲ್ಲ. ಬಿರುಕಿನ ಗಾತ್ರವೇ ತುಂಡಿನ ಗಾತ್ರವನ್ನು ಮೀರಿದ ಮೇಲೆ ತುಂಡು ಏನು ಹೇಳೀತು? ಆಮೇಲೆ ಬಿರುಕಿನ ಸುತ್ತಲಿನ ಲೋಹ ತಾಳುತ್ತದಾ ಎಂದು ನೋಡಲು ಅಂಥದೇ ಬಿರುಕಿದ್ದ ಬೇರೊಂದು ಉಕ್ಕಿಗೆ ವಿಕಿರಣ ಉಣಿಸಿದರು. 2014ರಲ್ಲಿ ಬಂದ ಫಲಿತಾಂಶ ನಿರೀಕ್ಷೆಗಿಂತ ಕೆಟ್ಟದಾಗಿತ್ತು. ಮತ್ತಷ್ಟು ಪರೀಕ್ಷೆ, ವಾದ ನಡೆದು 2015ರ ಕೊನೆಗೆ ರಿಯಾಕ್ಟರುಗಳು ಮತ್ತೆ ಚಾಲೂ ಆದವು.

ನನ್ನ ಮಟ್ಟಿಗೆ, ಟೀಕಾಕಾರರ ಈ ಅಂಶ ಸರಿ, ಆದರೆ ಅವರು ಅದರಿಂದ ಹೊರಡಿಸುವ ತೀರ್ಮಾನ ಅರ್ಧ ಸರಿ. ಸ್ಪೆಸಿಮೆನ್ ಲೋಹದ ಗುಣ ಹೇಳುತ್ತದೆ, ಅಲ್ಟ್ರಾಸೌಂಡ್ ದೋಷ ಹುಡುಕುತ್ತದೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟರೆ ಯಾವ ಗಾತ್ರದ ತುಂಡೂ ಸೋಲುತ್ತದೆ.

ತುಂಡೇ ಇಲ್ಲದಿದ್ದರೆ

ಅಮೆರಿಕದ ಮ್ಯಾಸಚೂಸೆಟ್ಸ್‌ನ ಯಾಂಕಿ ರೋ ಸ್ಥಾವರ 1960ರ ಸುಮಾರಿಗೆ ಶುರುವಾದದ್ದು. ಅಲ್ಲಿ ಸ್ಪೆಸಿಮೆನ್ ಇಟ್ಟು ನೋಡುವ ಕಾರ್ಯಕ್ರಮ ಆರಂಭದ ವರ್ಷಗಳಲ್ಲೇ ನಿಂತುಹೋಗಿತ್ತು. ಮೂವತ್ತು ವರ್ಷದ ಮೇಲೆ ಪಾತ್ರೆ ಎಷ್ಟು ಪೆಡಸಾಗಿದೆ ಎಂಬ ಪ್ರಶ್ನೆ ಬಂದಾಗ ಕೈಯಲ್ಲಿ ಪುರಾವೆ ಇರಲಿಲ್ಲ. ಪಾತ್ರೆ ಕೆಟ್ಟಿದೆ ಎಂದು ಯಾರೂ ಸಾಬೀತು ಮಾಡಲಿಲ್ಲ, ಚೆನ್ನಾಗಿದೆ ಎಂದು ಸಾಬೀತು ಮಾಡಲೂ ಆಗಲಿಲ್ಲ. 1992ರಲ್ಲಿ ಸ್ಥಾವರ ಶಾಶ್ವತವಾಗಿ ಮುಚ್ಚಿತು.

ಸೋವಿಯತ್ ಕಾಲದ ವಿವಿಇಆರ್-440 ಮಾದರಿಯ ಮೊದಲ ಪೀಳಿಗೆಯಲ್ಲಿ ಇಂಥ ಸ್ಪೆಸಿಮೆನ್‌ಗಳನ್ನು ಇಟ್ಟೇ ಇರಲಿಲ್ಲ. ಅಲ್ಲಿನ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಪಾತ್ರೆಯ ಒಳಗೋಡೆಯಿಂದಲೇ ದೋಣಿಯಾಕಾರದ ಚೂರುಗಳನ್ನು ಕೆತ್ತಿ ತೆಗೆದು, ಅವುಗಳಿಂದ 5 ಮಿ.ಮೀ. ಚೌಕದ, 27.5 ಮಿ.ಮೀ. ಉದ್ದದ ಪುಟ್ಟ ತುಂಡುಗಳನ್ನು ಮಾಡಿ ಪರೀಕ್ಷಿಸಿದರು. ಪಾತ್ರೆಯನ್ನು ಸುಮಾರು 475 ಡಿಗ್ರಿಗೆ ಕಾಯಿಸಿ ಲೋಹದ ಪೆಡಸು ಇಳಿಸಿದ್ದು ಫಲ ಕೊಟ್ಟಿದೆಯಾ ಎಂದು ನೋಡಲೂ ಇವೇ ತುಂಡುಗಳು ನೆರವಾದವು. ಪುಟ್ಟ ತುಂಡಿನ ಫಲಿತಾಂಶಕ್ಕೆ ಕೊರತೆಗಳಿದ್ದರೂ ಯಾಂಕಿ ರೋದಂತೆ ಕತ್ತಲಲ್ಲಿ ಕೂರುವ ಪಾಡು ಬರಲಿಲ್ಲ.

ಭಾರಜಲ ರಿಯಾಕ್ಟರುಗಳಲ್ಲಿ ಪಾಠ ಬೇರೆ ರೂಪದಲ್ಲಿ ಬಂತು. 1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ 2ನೇ ಘಟಕದಲ್ಲಿ ಒಂದು ಪ್ರೆಶರ್ ಟ್ಯೂಬ್ ಸೀಳಿತು. ಕೊಳವೆಯ ಲೋಹ ಜಲಜನಕ ಹೀರಿಕೊಂಡು ಪೆಡಸಾಗಿತ್ತು. ನಮ್ಮ ಕಾಕ್ರಾಪಾರ್ 1ನೇ ಘಟಕದಲ್ಲಿ 2016ರ ಮಾರ್ಚ್ 11ರಂದು ಸೋರಿಕೆಯಾದಾಗ ಕಂಡದ್ದು ಕೊಳವೆಯ ಹೊರಮೈಯ ತುಕ್ಕು. ಹಾಗಾಗಿ ಕೊಳವೆಗಳನ್ನು ಕಾಲಕಾಲಕ್ಕೆ ತೆಗೆದು ನೋಡುವುದು, ಒಳಮೈ ಹೆರೆದು ಜಲಜನಕ ಅಳೆಯುವುದು, ವಯಸ್ಸಾದ ಮೇಲೆ ಎಲ್ಲವನ್ನೂ ಬದಲಿಸುವುದು ಇವೆಲ್ಲ ಭಾರಜಲ ರಿಯಾಕ್ಟರಿನ ಬದುಕಿನ ಭಾಗವಾದವು.

ತುಮಕೂರಿಗೆ ಇದರಲ್ಲಿ ಏನಿದೆ

ಈ ಕೆಲಸದಲ್ಲಿ ವಿಕಿರಣ ಇಲ್ಲದ ಪಾಲು ದೊಡ್ಡದು. ಅದರ ಬಗ್ಗೆ ಮಾತು ಕಡಿಮೆ. ದೊಡ್ಡ ತುಂಡಿಗೂ ಚಿಕ್ಕ ತುಂಡಿಗೂ ಇರುವ ವ್ಯತ್ಯಾಸ ಕಂಡುಹಿಡಿಯುವ ಪರೀಕ್ಷೆಗಳು ಮಾಮೂಲಿ ಉಕ್ಕಿನ ಮೇಲೆ, ಮಾಮೂಲಿ ಲ್ಯಾಬಿನಲ್ಲಿ ನಡೆಯುವಂಥವು. ಬೇಕಾದ್ದು ಚೊಕ್ಕವಾಗಿ ವೈರ್‌ಕಟ್ ಮಾಡುವ ಕೈ, ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಉಪಕರಣ, 50–100 ಕಿಲೋ ಬಲದಲ್ಲಿ ನಿಖರವಾಗಿ ಎಳೆಯುವ ಪುಟ್ಟ ಮೆಷಿನ್ನು. ಏಳೆಂಟು ಟನ್ ಎಳೆಯುವ ಹಳೆ ಯುಟಿಎಂ ಇದಕ್ಕೆ ಒಗ್ಗುವುದಿಲ್ಲ, 55 ಕಿಲೋ ಅದರ ಅಳತೆಯ ತಳಭಾಗದಲ್ಲೇ ಕಳೆದುಹೋಗುತ್ತದೆ.

ತುಮಕೂರಿನ ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಿಂದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. ವಿಮಾನದ ಬಿಡಿಭಾಗಗಳ ಮಟ್ಟದ ನಿಖರತೆ ಈ ಜಿಲ್ಲೆಗೆ ಹೊಸದೇನಲ್ಲ. ಅಣು ಕ್ಷೇತ್ರದ ಈ ಕೆಲಸ ಇಲ್ಲಿಗೆ ಬಂದೇ ಬರುತ್ತದೆ ಎಂದು ಹೇಳಲು ಆಧಾರವಿಲ್ಲ. ಬಂದರೆ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳು, ಜಾಬ್ ವರ್ಕ್ ಮಾಡುವ ಶೆಡ್ಡುಗಳು ಅದನ್ನು ಹಿಡಿಯಬಲ್ಲವು. ಮಾಡಿದ ಅಳತೆಗೆ ಲಿಖಿತ ದಾಖಲೆ ಇಡುವ ಶಿಸ್ತು ಮಾತ್ರ ಮೊದಲು ಬೇಕು.

ಹೊಸ ರಿಯಾಕ್ಟರುಗಳಿಗೆ ಈಗಲೇ ಮಾಡಬೇಕಾದ್ದು

ಭಾರತ ಕಟ್ಟಹೊರಟಿರುವ 200 ಮೆಗಾವಾಟ್‌ನ ಸಣ್ಣ ರಿಯಾಕ್ಟರ್ ಬಿಎಸ್‌ಎಂಆರ್-200 ಒತ್ತಡದ ನೀರಿನ ಮಾದರಿಯದು. ಕೈಗಾದಂತೆ ಕೆಟ್ಟ ಕೊಳವೆ ತೆಗೆದು ಹೊಸದು ಹಾಕುವ ಅನುಕೂಲ ಇಲ್ಲಿ ಇರುವುದಿಲ್ಲ. ಇಲ್ಲಿ ಪ್ರೆಶರ್ ವೆಸೆಲ್ಲಿನ ಆಯುಸ್ಸೇ ರಿಯಾಕ್ಟರಿನ ಆಯುಸ್ಸು. ಆ ಪಾತ್ರೆಯ ಉಕ್ಕು ಹೇಗೆ ಮಾಗುತ್ತದೆ ಎಂದು ತಿಳಿಯಲು ಅದೇ ಎರಕದ, ಅದೇ ವೆಲ್ಡಿನ ತುಂಡುಗಳನ್ನು ಮೊದಲ ದಿನದಿಂದಲೇ ಒಳಗಿಟ್ಟಿರಬೇಕು. ಚಿಕ್ಕ ತುಂಡಾದರೆ ಒಂದೇ ಡಬ್ಬಿಯಲ್ಲಿ ಹಲವು ಪಟ್ಟು ಹೆಚ್ಚು ಹಿಡಿಸಬಹುದು, ಹೆಚ್ಚು ಸಲ ಹೊರತೆಗೆದು ನೋಡಬಹುದು. ಆದರೆ ಚಿಕ್ಕದನ್ನು ಮಾತ್ರ ಇಟ್ಟು ಮಾಮೂಲಿ ಚಾರ್ಪಿ ತುಂಡುಗಳನ್ನು ಕೈಬಿಟ್ಟರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಎರಡೂ ಜೊತೆಗಿರಬೇಕು.

ಹೊಸ ಕಾಯಿದೆ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕಾನೂನಿನ ಬಲ ಕೊಟ್ಟಿದೆ. 1983ರಿಂದ ಅದು ಸರ್ಕಾರಿ ಆದೇಶದ ಮೇಲೆ ನಡೆದುಬಂದ ಸಂಸ್ಥೆ. ಈವರೆಗೆ ಸ್ಥಾವರ ನಡೆಸುವವರು, ಲೋಹ ಪರೀಕ್ಷಿಸುವವರು ಇಬ್ಬರೂ ಅಣುಶಕ್ತಿ ಇಲಾಖೆಯ ಸೂರಿನಡಿಯೇ ಇದ್ದರು. ಖಾಸಗಿ ಕಂಪನಿ ಬಂದ ಮೇಲೆ ತುಂಡು ಯಾರದು, ಎಳೆಯುವವರು ಯಾರು, ಫಲಿತಾಂಶ ಹೊರಗೆ ಬರುತ್ತದಾ ಅನ್ನುವುದೆಲ್ಲ ನಿಯಮಗಳಲ್ಲಿ ಬರೆದಾಗಬೇಕು. ಕನಿಷ್ಠ, ಎಲಾಂಗೇಶನ್ ಅಂಕಿ ಕೊಟ್ಟಲ್ಲೆಲ್ಲ ತುಂಡಿನ ಆಕಾರ, ಅಳೆದ ಉದ್ದ ಎರಡನ್ನೂ ಪಕ್ಕದಲ್ಲಿ ಬರೆಯುವುದು ಕಡ್ಡಾಯವಾಗಬೇಕು.

ಇದಕ್ಕಿಂತ ತುರ್ತಿನ ಇನ್ನೊಂದು ಕೆಲಸವಿದೆ. ಪಾತ್ರೆಯನ್ನು ಫೋರ್ಜ್ ಮಾಡಿದ ಮೇಲೆ ತುದಿಯಲ್ಲಿ ಕತ್ತರಿಸಿ ಉಳಿಯುವ ಉಕ್ಕಿನ ಬಳೆಯನ್ನು ಗುರುತು ಹಾಕಿ ಎತ್ತಿಡಬೇಕು. ಐವತ್ತು ವರ್ಷದ ಮೇಲೆ ಯಾರಿಗಾದರೂ ವಿಕಿರಣ ತಗುಲದ ಅಸಲಿ ಉಕ್ಕಿನ ಜೊತೆ ಹೋಲಿಸಬೇಕಾದರೆ ಅದೊಂದೇ ಆಧಾರ. ಯಂತ್ರಶಾಲೆಯ ಲೆಕ್ಕದಲ್ಲಿ ಅದು ಗುಜರಿ. ಎತ್ತಿಡಿ ಎಂದು ಮೊದಲೇ ಕರಾರಿನಲ್ಲಿ ಬರೆಯದಿದ್ದರೆ ಕರಗಿಸಲು ಹೋಗುತ್ತದೆ.